ಕೂಡಿ ಕೇಳುವ ಕಥೆ, ಕೂಡಿ ಉಣ್ಣುವ ಊಟ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಒಂದು ಕಾವ್ಯವನ್ನೋ ಪುರಾಣವನ್ನೋ ಊರ ಮುಂದೆ ಗಟ್ಟಿಯಾಗಿ ಓದಿಸಿ, ಅದರ ಅರ್ಥವನ್ನು ಬಲ್ಲವರಿಂದ ಹೇಳಿಸಿ, ಕೇಳಿದವರಿಗೆಲ್ಲ ಕೊನೆಯಲ್ಲಿ ಊಟ ಹಾಕಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಜನ ಅದನ್ನು ‘ಭಾರತ ಓದಿಸುವುದು’, ‘ಜೈಮಿನಿ ಓದಿಸುವುದು’, ‘ಶನಿಮಹಾತ್ಮೆ ಓದಿಸುವುದು’ ಎಂದು ಆಯಾ ಗ್ರಂಥದ ಹೆಸರಿನಿಂದಲೇ ಕರೆಯುತ್ತಾರೆ. ನಗರಗಳಲ್ಲಿ ಈಚೆಗೆ ಹೆಚ್ಚುತ್ತಿರುವ ಓದುಗರ ಕೂಟಗಳಲ್ಲಿ ಏನೇನು ಇರುತ್ತದೆಯೋ, ಅಂದರೆ ಮೊದಲೇ ಗೊತ್ತುಮಾಡಿದ ಒಂದು ಪುಸ್ತಕ, ಅದನ್ನು ಕುರಿತ ಮಾತುಕತೆ, ಮೆಚ್ಚಿದವರಿಗೂ ಮೆಚ್ಚದವರಿಗೂ ನಡುವೆ ವಾದ, ಜೊತೆಗೆ ಒಂದು ಊಟ, ಇವೆಲ್ಲ ಈ ಹಳೆಯ ಏರ್ಪಾಟಿನಲ್ಲಿಯೂ ಇವೆ. ವ್ಯತ್ಯಾಸವೆಂದರೆ ಇಲ್ಲಿ ಅಕ್ಷರ ಬಲ್ಲವನೊಬ್ಬನಿದ್ದರೆ ಸಾಕಾಗುತ್ತಿತ್ತು, ಉಳಿದವರು ಕಿವಿಯಿಂದಲೇ ಓದುಗರಾಗುತ್ತಿದ್ದರು. ಈ ಪದ್ಧತಿಯನ್ನು ಬರಿಯ ಭಕ್ತಿಯ ಆಚರಣೆಯೆಂದು ಬಗೆದು ಬದಿಗೆ ಸರಿಸುವವರು ಅದರ ಒಂದು ಮುಖ್ಯ ಗುಣವನ್ನು ಗಮನಿಸಿಲ್ಲವೆಂದೇ ಹೇಳಬೇಕು: ನಂಬಲಾಗದ, ವಿಚಿತ್ರವಾದ, ಕಲ್ಪನೆ ಕಡಿವಾಣ ಕಿತ್ತುಕೊಂಡು ಓಡುವ ಕಥೆಯೊಂದನ್ನು ಮುಂದಿಟ್ಟುಕೊಂಡು ಒಂದು ಊರು ತನ್ನ ಅಭಿಪ್ರಾಯಭೇದವನ್ನು ಆಡಿ ತೋರಿಸುವುದಕ್ಕೆ ಅಲ್ಲಿ ಜಾಗವಿತ್ತು.

ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯೂ ಅದರ ಸುತ್ತಲಿನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳೂ ಈ ಪದ್ಧತಿಯನ್ನು ಅರಿಯಲು ತಕ್ಕ ಪ್ರದೇಶ. ೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಭಾಗದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೂಲಕ ಆಂಧ್ರದ ಹಿಂದೂಪುರದತ್ತ ಸಾಗುವ ಉತ್ತರ ಪಿನಾಕಿನಿ ಮಳೆಗಾಲದ ನೀರನ್ನೇ ನಂಬಿದ ಹೊಳೆ. ರಾಗಿ, ನೆಲಗಡಲೆ, ಅವರೆ, ಮುಸುಕಿನ ಜೋಳ ಬೆಳೆಯುವ ರೈತರ ಬದುಕು ಕೆರೆ ತುಂಬುವುದರ ಮೇಲೆ ನಿಂತಿದ್ದ ಕಾಲದಲ್ಲಿ ಮಳೆಗೂ ಕಥೆಗೂ ನಂಟು ಬೆಳೆದದ್ದು ಸಹಜ. ಇಲ್ಲಿನ ಇನ್ನೊಂದು ವಿಶೇಷ ಭಾಷೆಯದು. ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯ ಮತ್ತು ಕಚೇರಿಯ ಮಾತು ಕನ್ನಡ. ಮುದ್ದೆಗೆ ಒಂದು ಮನೆಯಲ್ಲಿ ‘ಹಿಟ್ಟು’ ಎಂದರೆ ಪಕ್ಕದ ಮನೆಯಲ್ಲಿ ‘ಸಂಗಟಿ’ ಎನ್ನುತ್ತಾರೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು, ಅಂದರೆ ಜನ ‘ಕೈವಾರ ತಾತಯ್ಯ’ ಎಂದು ನೆನೆಯುವವರು, ಎರಡು ಭಾಷೆಗಳಲ್ಲಿಯೂ ರಚನೆ ಮಾಡಿದ್ದು ಈ ನೆಲದ ಸ್ವಭಾವಕ್ಕೆ ಒಪ್ಪುವ ಸಂಗತಿ. ಇಂಥ ಕಡೆ ಕನ್ನಡ ಕಾವ್ಯವನ್ನು ಓದಿಸಿದಾಗ ಅರ್ಥ ಹೇಳುವವರು ಮಧ್ಯೆ ಮಧ್ಯೆ ತೆಲುಗಿಗೆ ಹೊರಳಿಕೊಂಡರೆ ಅದನ್ನು ಯಾರೂ ಕುಂದೆಂದು ಎಣಿಸುವುದಿಲ್ಲ.

ಓದಿಸುವ ಏರ್ಪಾಟಿನಲ್ಲಿ ನಾಲ್ಕು ಪಾತ್ರಗಳಿವೆ. ಖರ್ಚು ಹೊತ್ತು ಓದಿಸುವ ಮನೆಯ ಯಜಮಾನ ಅಥವಾ ಇಡೀ ಊರು ಮೊದಲನೆಯದು. ಪದ್ಯವನ್ನು ರಾಗದಲ್ಲಿ ಓದುವವರು ಎರಡನೆಯವರು. ಶಾಸ್ತ್ರೀಯವಾಗಿ ಇವರನ್ನು ‘ಗಮಕಿ’ ಎಂದೂ ಅವರ ಕಲೆಯನ್ನು ‘ಗಮಕ’ ಅಥವಾ ‘ಕಾವ್ಯವಾಚನ’ ಎಂದೂ ಕರೆಯುತ್ತಾರೆ. ಕವಿ, ಗಮಕಿ, ವಾದಿ, ವಾಗ್ಮಿ ಎಂಬ ನಾಲ್ವರನ್ನು ಒಟ್ಟಿಗೆ ಹೆಸರಿಸುವ ರೂಢಿ ಹಳಗನ್ನಡ ಕಾವ್ಯಗಳಲ್ಲಿಯೇ ಇರುವುದರಿಂದ ಓದುವವನಿಗೆ ಬರೆದವನ ಸಾಲಿನಲ್ಲಿಯೇ ಸ್ಥಾನವಿತ್ತೆಂಬುದು ಸ್ಪಷ್ಟ. ಓದಿದ್ದನ್ನು ಬಿಡಿಸಿ ಹೇಳುವ ವ್ಯಾಖ್ಯಾನಕಾರರು, ಹಳ್ಳಿಯ ಮಾತಿನಲ್ಲಿ ‘ಅರ್ಥ ಹೇಳೋರು’, ಮೂರನೆಯವರು. ನಾಲ್ಕನೆಯವರು ಕೇಳುವವರು. ಸಂಗೀತ ಕಚೇರಿಯಲ್ಲಿ ಕೇಳುವವರು ತಲೆದೂಗಿದರೆ ಸಾಕು, ಹರಿಕಥೆಯಲ್ಲಿ ದಾಸರು ಕೇಳಿದಾಗ ಗೋವಿಂದ ಎಂದರೆ ಸಾಕು. ಆದರೆ ಇಲ್ಲಿ ಕೇಳುವವರಿಗೆ ಪ್ರಶ್ನೆ ಕೇಳುವ ಹಕ್ಕುಂಟು, ಆ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ಅರ್ಥ ಹೇಳುವವರ ಮೇಲಿದೆ.

ಓದಿನ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ಕುಮಾರವ್ಯಾಸನ ಭಾರತ ಭಾಮಿನೀ ಷಟ್ಪದಿಯಲ್ಲಿದೆ. ಷಟ್ಪದಿ ಎಂದರೆ ಆರು ಸಾಲಿನ ಪದ್ಯ. ಹ್ರಸ್ವಾಕ್ಷರವೊಂದನ್ನು ನುಡಿಯಲು ಬೇಕಾದ ಕಾಲವನ್ನು ಒಂದು ಮಾತ್ರೆಯೆಂದು ಎಣಿಸಿದರೆ, ಭಾಮಿನಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬಂದು, ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ೧೪ ಮಾತ್ರೆಗಳೂ ಮೂರು ಮತ್ತು ಆರನೆಯ ಸಾಲುಗಳಿಗೆ ೨೩ ಮಾತ್ರೆಗಳೂ ಆಗುತ್ತವೆ. ಗಮಕಿಯು ಈ ಲಯವನ್ನು ತಾಳದ ಕಟ್ಟಿಗೆ ಒಪ್ಪಿಸದೆ, ಅರ್ಥ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಉಸಿರು ನಿಲ್ಲಿಸಿ, ಸಾಲು ಒಡೆದು ಪಕ್ಕದ ಸಾಲಿಗೆ ಹರಿದಿರುವ ಪದವನ್ನು ಕೂಡಿಸಿ, ಪ್ರಾಸಾಕ್ಷರ ಕಿವಿಗೆ ಬೀಳುವಂತೆ ಓದಬೇಕು. ಶೋಕದ ಪದ್ಯಕ್ಕೆ ಮುಖಾರಿ, ವೀರಕ್ಕೆ ಅಠಾಣ ಎಂಬಂತೆ ರಾಗಗಳ ಆಯ್ಕೆಯುಂಟು. ಆದರೆ ರಾಗವು ಮಾತನ್ನು ನುಂಗಿದರೆ ಅದು ಹಾಡುಗಾರಿಕೆಯಾಯಿತು, ಗಮಕವಾಗಲಿಲ್ಲ ಎಂಬುದು ಈ ಕಲೆಯ ಬಲ್ಲವರ ನಿಲುವು. ಒಂದು ಪದ್ಯವನ್ನು ಇಡಿಯಾಗಿ ಓದಿ ನಿಲ್ಲಿಸಿದ ಮೇಲೆ ಅರ್ಥ ಹೇಳುವವರು ಸಂಧಿ ಬಿಡಿಸಿ, ಯಾರು ಯಾರಿಗೆ ಹೇಳಿದರೆಂದು ತಿಳಿಸಿ, ಉಪಮೆಯನ್ನು ಊರಿನ ಹೊಲ ಗದ್ದೆ ಕೆರೆ ಸಂತೆಗಳಿಗೆ ಇಳಿಸಿ ವಿವರಿಸುತ್ತಾರೆ. ಕಠಿಣವಾದ ಪದ್ಯವಾದರೆ ಗಮಕಿ ಅದನ್ನು ಮತ್ತೊಮ್ಮೆ ಓದುತ್ತಾರೆ, ಈ ಎರಡನೆಯ ಓದಿನಲ್ಲಿ ಅಕ್ಷರ ಬಾರದವರಿಗೂ ಪದ್ಯ ಕೈವಶವಾಗುತ್ತದೆ. ಹದಿನೈದನೆಯ ಶತಮಾನದ, ಎಂಟು ಸಾವಿರ ಪದ್ಯಗಳನ್ನು ಮೀರಿದ ಕಾವ್ಯವೊಂದು ಓದುಬರಹ ಕಲಿಯದವರ ನಾಲಗೆಯ ಮೇಲೆ ಇಷ್ಟು ಕಾಲ ಉಳಿದುಬಂದುದಕ್ಕೆ ಇದೇ ಕಾರಣ.

ಮಳೆ ತಡವಾದ ವರ್ಷ ಊರವರು ಓದಿಸುತ್ತಿದ್ದುದು ಮುಖ್ಯವಾಗಿ ವಿರಾಟಪರ್ವವನ್ನು. ಇದಕ್ಕೆ ಆಧಾರ ಕಥೆಯೊಳಗೇ ಇದೆ. ಅಜ್ಞಾತವಾಸದಲ್ಲಿರುವ ಪಾಂಡವರನ್ನು ಹುಡುಕುವುದು ಹೇಗೆಂದು ಕೌರವರ ಸಭೆಯಲ್ಲಿ ವಿಚಾರ ನಡೆದಾಗ ಭೀಷ್ಮನು ಧರ್ಮರಾಯನಿರುವ ನಾಡಿನ ಗುರುತುಗಳನ್ನು ಹೇಳುತ್ತಾನೆ: ಅಲ್ಲಿ ಕಾಲಕ್ಕೆ ಸರಿಯಾಗಿ ಮಳೆಯಾಗುತ್ತದೆ, ಬೆಳೆ ಸಮೃದ್ಧವಾಗುತ್ತದೆ, ಹಸುಗಳು ಹಾಲು ತುಂಬಿ ಕರೆಯುತ್ತವೆ. ಧರ್ಮರಾಯ ಅಡಗಿದ್ದ ಊರಿನ ಕಥೆಯನ್ನು ಓದಿಸಿದರೆ ನಮ್ಮೂರಿಗೂ ಮಳೆ ಬಂದೀತೆಂಬುದು ಅಲ್ಲಿಂದ ಬೆಳೆದ ನಂಬಿಕೆ. ಗಡಿಯಾಚೆಯ ತೆಲುಗು ನಾಡಿನಲ್ಲಿಯೂ ತಿಕ್ಕನನ ವಿರಾಟಪರ್ವಕ್ಕೆ ಇದೇ ಮರ್ಯಾದೆಯಿದೆ. ಹುಡುಗರು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಯಿಂದ ಹಿಟ್ಟು ಬೇಡಿ ತಂದು ಊರ ಹೊರಗೆ ಬೇಯಿಸಿ ಉಣ್ಣುವ ಆಚರಣೆ ಒಂದು ಕಡೆ, ಹಿರಿಯರು ವಿರಾಟಪರ್ವ ಓದಿಸಿ ಊಟ ಹಾಕಿಸುವುದು ಇನ್ನೊಂದು ಕಡೆ. ಎರಡರಲ್ಲಿಯೂ ಕೂಡಿ ಉಣ್ಣುವುದು ಪ್ರಾರ್ಥನೆಯ ಭಾಗವೇ ಆಗಿತ್ತು.

ವಿರಾಟಪರ್ವ ಜನಪ್ರಿಯವಾದುದಕ್ಕೆ ಮಳೆಯೊಂದೇ ಕಾರಣವಾಗಿರಲಾರದು. ಇಡೀ ಭಾರತದಲ್ಲಿ ಇಷ್ಟು ಲವಲವಿಕೆಯ ಭಾಗ ಮತ್ತೊಂದಿಲ್ಲ. ಚಕ್ರವರ್ತಿಯಾಗಬೇಕಾದವನು ಕಂಕನೆಂಬ ಹೆಸರಿನಲ್ಲಿ ಪಗಡೆಯ ಜೊತೆಗಾರನಾಗುತ್ತಾನೆ, ಅರ್ಜುನನು ಬೃಹನ್ನಳೆಯಾಗಿ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸುತ್ತಾನೆ, ಭೀಮನು ವಲಲನೆಂಬ ಬಾಣಸಿಗನಾಗಿ ಅರಮನೆಯ ಅಡುಗೆಮನೆಯನ್ನು ಹಿಡಿಯುತ್ತಾನೆ. ಹೆಂಗಸರ ಮುಂದೆ ಶೌರ್ಯ ಕೊಚ್ಚಿಕೊಂಡು ಯುದ್ಧಕ್ಕೆ ಹೊರಟ ಉತ್ತರಕುಮಾರನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವ ಪ್ರಸಂಗ ಬಂದಾಗ ಮಲಗಿದ್ದವರೂ ಎದ್ದು ಕೂರುತ್ತಾರೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಇಂಥ ಕೇಳುವ ಕೂಟಗಳಿಂದಲೇ ಆಡುಮಾತಿಗೆ ಬಂದಿರಬೇಕು. ಪರ್ವವು ಅಭಿಮನ್ಯು ಮತ್ತು ಉತ್ತರೆಯರ ಮದುವೆಯಲ್ಲಿ ಮುಗಿಯುವುದರಿಂದ ಕೊನೆಯ ದಿನದ ಊಟಕ್ಕೆ ಮದುವೆಯೂಟದ ಕಳೆಯೂ ಬರುತ್ತದೆ. ಅಶುಭ ಪ್ರಸಂಗದಲ್ಲಿ ಓದು ನಿಲ್ಲಿಸಬಾರದೆಂಬ ಕಟ್ಟುಪಾಡು ಈ ಪದ್ಧತಿಯಲ್ಲಿ ಇದ್ದೇ ಇದೆ. ದಿನದ ಓದನ್ನು ಎಲ್ಲಿ ತಡೆದರೆ ಮಂಗಳ ಹಾಡಬಹುದೆಂಬುದನ್ನು ಗಮಕಿಯು ಮೊದಲೇ ಲೆಕ್ಕ ಹಾಕಿಕೊಂಡಿರುತ್ತಾರೆ.

ಅಭಿಪ್ರಾಯಭೇದ ನಿಜವಾಗಿ ಕಾವೇರುವುದು ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ. ಈಗಿನ ಚಿಕ್ಕಮಗಳೂರು ಜಿಲ್ಲೆಯ ದೇವನೂರಿನವನೆಂದು ಪರಂಪರೆ ಗುರುತಿಸುವ ಈ ಕವಿ ಐದು ಮಾತ್ರೆಗಳ ಗಣಗಳಿಂದ ನಡೆಯುವ ವಾರ್ಧಕ ಷಟ್ಪದಿಯಲ್ಲಿ, ೩೪ ಸಂಧಿಗಳಲ್ಲಿ, ಧರ್ಮರಾಯನ ಅಶ್ವಮೇಧದ ಕಥೆಯನ್ನು ಹೇಳಿದ್ದಾನೆ. ಯಾಗದ ಕುದುರೆ ಹೋದ ಕಡೆಯೆಲ್ಲ ಅರ್ಜುನ ಹಿಂಬಾಲಿಸುವುದೇ ಕಥೆಯ ಎಳೆ. ಕುದುರೆ ಹೊಕ್ಕ ನಾಡಿಗೊಂದು ಅದ್ಭುತ. ಒಂದು ಕೊಳಕ್ಕೆ ಇಳಿದ ಕುದುರೆ ಹೆಣ್ಣುಕುದುರೆಯಾಗಿ ಏಳುತ್ತದೆ, ಮತ್ತೊಂದರಲ್ಲಿ ಹುಲಿಯಾಗುತ್ತದೆ. ಮುಂದೆ ಗಂಡಸರೇ ಇಲ್ಲದ ಸ್ತ್ರೀರಾಜ್ಯದಲ್ಲಿ ರಾಣಿ ಪ್ರಮೀಳೆ ಕುದುರೆಯನ್ನು ಕಟ್ಟಿಹಾಕಿ, ಮಹಾವೀರನೆನಿಸಿದ ಅರ್ಜುನನನ್ನು ಯುದ್ಧದಲ್ಲಿ ಹಣ್ಣುಮಾಡಿ, ಕೊನೆಗೆ ಮದುವೆಯ ಮಾತಿಗೆ ಒಪ್ಪಿಸುತ್ತಾಳೆ. ಚಂದ್ರಹಾಸನ ಕಥೆಯಲ್ಲಿ ಅವನಿಗೆ ವಿಷವಿಕ್ಕಬೇಕೆಂದು ಮಂತ್ರಿ ದುಷ್ಟಬುದ್ಧಿ ಬರೆದ ಓಲೆಯನ್ನು ಮಂತ್ರಿಯ ಮಗಳು ವಿಷಯೆ ಕಣ್ಣಿನ ಕಾಡಿಗೆಯಿಂದ ‘ವಿಷ’ವನ್ನು ‘ವಿಷಯೆ’ಯೆಂದು ತಿದ್ದಿ ತನ್ನನ್ನೇ ಕೊಡುವಂತೆ ಮಾಡಿಕೊಳ್ಳುತ್ತಾಳೆ. ಒಂದು ಅಕ್ಷರದ ತಿದ್ದುಪಡಿಯಿಂದ ಮರಣ ಮದುವೆಯಾಗಿ ಬದಲಾಗುವ ಈ ಪ್ರಸಂಗ ಅಕ್ಷರಜ್ಞಾನವಿಲ್ಲದ ಸಭೆಗೆ ಎಷ್ಟು ರೋಮಾಂಚನ ತಂದಿರಬೇಕೆಂಬುದನ್ನು ಇಂದು ಊಹಿಸುವುದೂ ಕಷ್ಟ.

ಇವೆಲ್ಲಕ್ಕಿಂತ ಸಭೆಯನ್ನು ಇಬ್ಭಾಗ ಮಾಡುವಂಥದ್ದು ಉದ್ದಾಲಕ ಮುನಿಯ ಹೆಂಡತಿ ಚಂಡಿಯ ಕಥೆ. ಗಂಡ ಏನು ಹೇಳಿದರೂ ಅದಕ್ಕೆ ವಿರುದ್ಧವಾದುದನ್ನೇ ಮಾಡುವುದು ಅವಳ ಸ್ವಭಾವ. ಆಶ್ರಮಕ್ಕೆ ಬಂದ ಕೌಂಡಿನ್ಯ ಮುನಿ, ಬೇಕಾದುದಕ್ಕೆ ವಿರುದ್ಧವಾಗಿಯೇ ಹೇಳುತ್ತ ಬಾ ಎಂದು ಉಪಾಯ ಕೊಡುತ್ತಾನೆ. ತಂದೆಯ ಶ್ರಾದ್ಧದ ದಿನ ಉದ್ದಾಲಕ ಹಾಗೆಯೇ ನಡೆದುಕೊಳ್ಳುತ್ತಾನೆ. ಒಳ್ಳೆಯ ಬ್ರಾಹ್ಮಣರನ್ನು ಕರೆಯುವುದು ಬೇಡವೆಂದರೆ ಅವಳು ಕರೆಸುತ್ತಾಳೆ, ರುಚಿಯಾದ ಅಡುಗೆ ಬೇಡವೆಂದರೆ ಸೊಗಸಾಗಿ ಮಾಡುತ್ತಾಳೆ. ಎಲ್ಲವೂ ಸಾಂಗವಾಗಿ ಮುಗಿಯುವ ಹೊತ್ತಿಗೆ ಸಂತೋಷದಲ್ಲಿ ಮೈಮರೆತ ಮುನಿ, ಪಿಂಡಗಳನ್ನು ನೀರಿಗೆ ಬಿಡು ಎಂದು ನೇರವಾಗಿ ಹೇಳಿಬಿಡುತ್ತಾನೆ. ಅವಳು ಅವನ್ನು ಕಸಕ್ಕೆ ಎಸೆಯುತ್ತಾಳೆ. ಶಾಪದಿಂದ ಕಲ್ಲಾದ ಅವಳಿಗೆ, ಯಾಗದ ಕುದುರೆ ಅದೇ ಬಂಡೆಗೆ ಅಂಟಿಕೊಂಡಾಗ, ಅರ್ಜುನನ ಸ್ಪರ್ಶದಿಂದ ಬಿಡುಗಡೆಯಾಗುತ್ತದೆ. ಈ ಕಥೆ ಕೇಳಿ ಗಂಡಸರು ನಗುವುದು ಸುಲಭ. ಆದರೆ ಶ್ರಾದ್ಧದ ಅಡುಗೆಯೆಂದರೆ ಎಷ್ಟು ಹೊತ್ತು ಒಲೆಯ ಮುಂದೆ ನಿಲ್ಲಬೇಕೆಂದು ಬಲ್ಲ ಹೆಂಗಸರಿಗೆ, ಅಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದವಳು ಕಡೆಯ ಒಂದು ಕೆಲಸಕ್ಕಾಗಿ ಕಲ್ಲಾಗಬೇಕೆ ಎಂಬ ಪ್ರಶ್ನೆ ಏಳದಿರುವುದಿಲ್ಲ. ಒಳ್ಳೆಯ ವ್ಯಾಖ್ಯಾನಕಾರರು ಈ ಎರಡು ಕಡೆಯ ಮಾತಿಗೂ ಎಡೆಕೊಡುತ್ತಾರೆ. ಹಟದ ದೋಷವನ್ನು ಹೇಳಿದ ಉಸಿರಿನಲ್ಲಿಯೇ, ಮಾತು ತಪ್ಪಿದವನು ಮುನಿಯೇ ಅಲ್ಲವೆ ಎಂದು ಕೇಳುತ್ತಾರೆ. ಕಥೆಯ ಘನತೆ ಇರುವುದು ಇಂಥ ಜಾಗದಲ್ಲಿ ಎಂದೇ ಭಾವಿಸಬೇಕು. ಎಲ್ಲರೂ ಒಂದೇ ದನಿಯಲ್ಲಿ ಒಪ್ಪುವ ಕಥೆಯನ್ನು ಊರು ಎರಡನೆಯ ಸಲ ಓದಿಸುವುದಿಲ್ಲ.

ವಿದ್ವಾಂಸರ ಲೋಕದಲ್ಲಿಯೂ ಲಕ್ಷ್ಮೀಶನ ಬಗ್ಗೆ ಒಮ್ಮತವಿಲ್ಲ. ಕೂಲಿಮಠಗಳಲ್ಲಿ, ಅಂದರೆ ಹಳ್ಳಿಯ ಅಯ್ಯಗಳು ನಡೆಸುತ್ತಿದ್ದ ಹಳೆಯ ಶಾಲೆಗಳಲ್ಲಿ, ಮಗ್ಗಿ ಮತ್ತು ಅಮರಕೋಶಗಳ ಜೊತೆಗೆ ಜೈಮಿನಿ ಭಾರತವೂ ಪಾಠವಾಗಿತ್ತು. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ತನ್ನ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅದನ್ನು ಅಚ್ಚಿಗೆ ತಂದನು. ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ೧೮೫೨ರಲ್ಲಿ ಬೆಂಗಳೂರಿನಿಂದ ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಡನೆ ಪ್ರಕಟಿಸಿದನು. ಕನ್ನಡ ಕಲಿಯಲು ಬಂದವರಿಗೆ ಈ ಕಾವ್ಯವೇ ಹೆಬ್ಬಾಗಿಲಾದದ್ದು ಅದರ ಜನಪ್ರಿಯತೆಗೆ ಸಾಕ್ಷಿ. ಇಪ್ಪತ್ತನೆಯ ಶತಮಾನದ ವಿಮರ್ಶೆ ಮಾತ್ರ ಕುಮಾರವ್ಯಾಸನನ್ನು ಎತ್ತಿ ಹಿಡಿದು, ಲಕ್ಷ್ಮೀಶನಲ್ಲಿ ಶಬ್ದದ ಇಂಪು ಹೆಚ್ಚು, ಪಾತ್ರಗಳ ಆಳ ಕಡಿಮೆ ಎಂಬ ಕಡೆಗೆ ಒಲಿಯಿತು. ಈ ತೀರ್ಪು ಮೌನವಾಗಿ ಓದುವವರ ತೀರ್ಪು. ಶಬ್ದದ ಇಂಪನ್ನು ಕಿವಿಯಿಂದ ಸವಿಯುವ ಕೂಟದಲ್ಲಿ ಅದನ್ನೇ ಒಂದು ದೋಷವೆಂದು ಎಣಿಸುವುದು ನ್ಯಾಯವಲ್ಲ. ತೆಲುಗಿನಲ್ಲಿಯೂ ಪಿಲ್ಲಲಮರ್ರಿ ಪಿನವೀರಭದ್ರನ ಜೈಮಿನಿ ಭಾರತವಿರುವುದರಿಂದ ಗಡಿಸೀಮೆಯ ಕೇಳುಗರಿಗೆ ಈ ವಿಚಿತ್ರ ಕಥೆಗಳು ಎರಡು ದಾರಿಗಳಿಂದ ಬಂದು ಮುಟ್ಟಿವೆ.

ಭಾರತ, ಜೈಮಿನಿಗಳ ಓದು ವಿರಳವಾಗಿದ್ದರೂ ಶನಿಮಹಾತ್ಮೆಯ ಓದು ಈಗಲೂ ಜೀವಂತವಾಗಿದೆ. ನೆರೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಕ್ಕಮಧುರೆ ಮತ್ತು ತುಮಕೂರು ಜಿಲ್ಲೆಯ ಪಾವಗಡಗಳಲ್ಲಿ ಪ್ರಸಿದ್ಧ ಶನಿದೇವಾಲಯಗಳಿರುವುದರಿಂದ ಗೌರಿಬಿದನೂರಿನ ಕಡೆಯವರಿಗೆ ಈ ದೇವರು ಹತ್ತಿರದವನು. ಶ್ರಾವಣದ ಶನಿವಾರಗಳಂದು, ಅಥವಾ ಹರಕೆ ಹೊತ್ತವರ ಮನೆಯಲ್ಲಿ, ಕಳಶವಿಟ್ಟು ಎಳ್ಳೆಣ್ಣೆಯ ದೀಪ ಹಚ್ಚಿ, ರಾತ್ರಿಯಿಡೀ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಕಥೆಯ ಸ್ವಚ್ಛಂದ ಕಲ್ಪನೆ ಜೈಮಿನಿಗೂ ಒಂದು ಕೈ ಮೇಲು. ನವಗ್ರಹಗಳಲ್ಲಿ ಯಾರು ಹೆಚ್ಚೆಂಬ ಚರ್ಚೆಯಲ್ಲಿ ಶನಿಯನ್ನು ಹಗುರಾಗಿ ಆಡಿದ ವಿಕ್ರಮರಾಜನನ್ನು ಶನಿ ಕುದುರೆ ಮಾರುವವನ ವೇಷದಲ್ಲಿ ಬಂದು ಕೆಣಕುತ್ತಾನೆ. ಕುದುರೆ ಹತ್ತಿದೊಡನೆ ಅದು ಆಕಾಶಕ್ಕೇರಿ ಅವನನ್ನು ಪರಸ್ಥಳದ ಕಾಡಿನಲ್ಲಿ ಬಿಟ್ಟು ಮಾಯವಾಗುತ್ತದೆ. ವ್ಯಾಪಾರಿಯ ಮನೆಯಲ್ಲಿ ಆಶ್ರಯ ಪಡೆದಾಗ ಗೋಡೆಯ ಮೇಲೆ ಬರೆದ ಹಂಸದ ಚಿತ್ರವೇ ಮುತ್ತಿನ ಹಾರವನ್ನು ನುಂಗಿಬಿಡುತ್ತದೆ, ಕಳವಿನ ಆರೋಪ ರಾಜನ ಮೇಲೆ ಬಂದು ಅವನ ಕೈಕಾಲುಗಳನ್ನು ಕಡಿಸಲಾಗುತ್ತದೆ. ಗಾಣಿಗನೊಬ್ಬನು ಅವನನ್ನು ಕರೆತಂದು ಗಾಣದ ಮೇಲೆ ಕೂರಿಸಿಕೊಳ್ಳುತ್ತಾನೆ. ಅಲ್ಲಿ ಕುಳಿತು ಅವನು ರಾಗ ಹಾಡಿದಾಗ ಪಟ್ಟಣದ ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಶನಿಯ ಕಾಟದ ಏಳೂವರೆ ವರ್ಷ ತೀರಿದ ಮೇಲೆ ಕೈಕಾಲು ಮರಳಿ, ಚಿತ್ರದ ಹಂಸ ನುಂಗಿದ ಹಾರವನ್ನು ಹೊರಹಾಕುತ್ತದೆ.

ಚಿತ್ರದ ಹಕ್ಕಿ ಹಾರ ನುಂಗುವುದನ್ನು ಪ್ರತಿಯೊಬ್ಬರೂ ಒಂದೇ ರೀತಿ ಸ್ವೀಕರಿಸುವುದಿಲ್ಲ. ದೈವ ಮುನಿದರೆ ಗೋಡೆಯೂ ಸಾಕ್ಷಿ ಹೇಳುವುದಿಲ್ಲವೆಂದು ಅರ್ಥ ಮಾಡುವವರಿದ್ದಾರೆ. ಪರಸ್ಥಳಕ್ಕೆ ದುಡಿಯಲು ಹೋದ ಬಡವನ ಮೇಲೆ ಕಳವು ಹೊರಿಸುವುದು ಎಷ್ಟು ಸುಲಭವೆಂಬ ಲೋಕಾನುಭವವನ್ನು ಅದರಲ್ಲಿ ಕಾಣುವವರಿದ್ದಾರೆ. ಒಂದು ಮಾತಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ರಾಜನ ಪಕ್ಷ ವಹಿಸುವವರೂ ಇದ್ದಾರೆ. ಇದನ್ನೆಲ್ಲ ಕೇಳಿಸುವುದೇ ತಪ್ಪೆನ್ನುವ ನಿಲುವೂ ಇದೇ ನೆಲದ್ದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ೧೯೭೬ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು, ಗ್ರಹಗಳ ಭಯವನ್ನು ಬಿಡಿಸಲು ಬದುಕಿಡೀ ಶ್ರಮಿಸಿದರು. ಅವರ ಆಕ್ಷೇಪಕ್ಕೆ ಬಲವಿದೆ; ಶನಿಯ ಹೆಸರಿನಲ್ಲಿ ಹೆದರಿಸಿ ಹಣ ಕೀಳುವವರು ಇರುವವರೆಗೂ ಆ ಆಕ್ಷೇಪ ಇರಲೇಬೇಕು. ಆದರೆ ಭಯವನ್ನು ಕಳೆದ ಮೇಲೂ ಕಥೆ ಉಳಿಯುತ್ತದೆ. ಹಾರುವ ಕುದುರೆಯನ್ನೂ ನುಂಗುವ ಚಿತ್ರವನ್ನೂ ಕಥೆಯೆಂದೇ ತಿಳಿದು ಸವಿಯಲು ಕಲಿತ ಕೇಳುಗನಿಗೆ ಪವಾಡದ ಹೆಸರಿನಲ್ಲಿ ಮೋಸ ಮಾಡುವುದು ಕಷ್ಟವೇ ಆಗುತ್ತದೆ.

ಊಟದ ವಿಚಾರಕ್ಕೆ ಬಂದರೆ, ಅದು ಓದಿನ ಬಾಲವಲ್ಲ, ಅದರ ಒಂದು ಅಂಗ. ಊರೊಟ್ಟಿನ ಓದಾದರೆ ಮನೆಗಿಷ್ಟೆಂದು ವಂತಿಗೆ ಎತ್ತುತ್ತಾರೆ. ವಂತಿಗೆಯೆಂದರೆ ಪಾಲಿನ ಹಣ ಅಥವಾ ಧಾನ್ಯ. ದಿನದಿನದ ಓದು ಮುಗಿದಾಗ ಪಾನಕ, ಹೆಸರುಬೇಳೆಯ ಕೋಸಂಬರಿ, ಕಡಲೆ, ಬೆಲ್ಲ, ಬಾಳೆಹಣ್ಣುಗಳಲ್ಲಿ ಒಂದೆರಡು ಹಂಚಿದರೆ ಸಾಕು. ಮುಕ್ತಾಯದ ದಿನ ಮಾತ್ರ ಒಲೆ ದೊಡ್ಡದು. ಹೋಳಿಗೆ, ಅದರ ಬೇಳೆ ಬಸಿದ ಕಟ್ಟಿನಿಂದ ಮಾಡಿದ ಒಬ್ಬಟ್ಟಿನ ಸಾರು, ಅನ್ನ, ಪಾಯಸ, ಚಿತ್ರಾನ್ನ, ಅವರೆಕಾಯಿಯ ಕಾಲವಾದರೆ ಹಿತಕಿದ ಬೇಳೆಯ ಹುಳಿ, ಇವನ್ನು ಮುತ್ತುಗದ ಎಲೆಯ ಮೇಲೆ ಬಡಿಸುವುದು ಈ ಕಡೆಯ ಪದ್ಧತಿ. ಶನಿವಾರದ ಓದಿನಲ್ಲಿ ಒಪ್ಪೊತ್ತು ಇದ್ದವರು, ಅಂದರೆ ದಿನಕ್ಕೆ ಒಂದೇ ಊಟದ ನಿಯಮ ಹಿಡಿದವರು, ರಾತ್ರಿಯಿಡೀ ಕಥೆ ಕೇಳಿ ಮಂಗಳಾರತಿಯಾದ ಮೇಲೆ ಎಲೆಯ ಮುಂದೆ ಕುಳಿತಾಗ ಕಥೆಯ ಬಗೆಗಿನ ಮಾತು ನಿಜವಾಗಿ ಬಿಚ್ಚಿಕೊಳ್ಳುತ್ತದೆ. ಓದಿನ ಪೀಠದ ಮುಂದೆ ಕೇಳಲು ಸಂಕೋಚಪಟ್ಟ ಪ್ರಶ್ನೆಗಳು ಸಾರು ಬಡಿಸುವವನ ಕಿವಿಗೆ ಮೊದಲು ಬಿದ್ದು, ಅವನ ಬಾಯಿಂದ ಅರ್ಥ ಹೇಳಿದವರಿಗೆ ಮುಟ್ಟಿ, ಅವರು ಎಲೆಯ ಮುಂದೆಯೇ ಉತ್ತರ ಕೊಡುವುದುಂಟು.

ಕಥೆಯೊಳಗಿನ ಊಟಗಳೂ ಇಲ್ಲಿನವರಿಗೆ ದೂರದವಲ್ಲ. ಕೈವಾರವೇ ಮಹಾಭಾರತದ ಏಕಚಕ್ರಪುರವೆಂದೂ, ಬಂಡಿ ತುಂಬ ಅನ್ನ ಹೊಡೆದುಕೊಂಡು ಹೋಗಿ ತಾನೇ ಉಂಡ ಭೀಮ ಬಕಾಸುರನನ್ನು ಕೊಂದದ್ದು ಅಲ್ಲಿನ ಬೆಟ್ಟದ ಬಳಿಯೆಂದೂ ಸ್ಥಳಪುರಾಣ ಹೇಳುತ್ತದೆ. ಊರಿನಲ್ಲಿ ಭೀಮಲಿಂಗೇಶ್ವರನ ಗುಡಿಯಿದೆ. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ವಿದುರನೇ ಅಶ್ವತ್ಥದ ಸಸಿ ನೆಟ್ಟನೆಂಬ ಐತಿಹ್ಯವಿದೆ. ತಮ್ಮ ತಾಲ್ಲೂಕಿನಲ್ಲಿಯೇ ನಡೆದ ಕಥೆಯೆಂದು ಕೇಳುವವರು ಅದರ ಮೇಲೆ ಅಧಿಕಾರದಿಂದ ಮಾತಾಡುತ್ತಾರೆ.

ಈ ಊಟದ ಪಂಕ್ತಿ ಎಲ್ಲರದೂ ಆಗಿರಲಿಲ್ಲವೆಂಬ ಕಹಿ ಸತ್ಯವನ್ನು ಮರೆಮಾಡಬಾರದು. ಒಂದೇ ಕಥೆಯನ್ನು ಕೆಲವರು ಜಗಲಿಯ ಮೇಲೆ, ಕೆಲವರು ಅಂಗಳದಲ್ಲಿ, ಕೆಲವರು ಬೀದಿಯ ಆಚೆಯಿಂದ ಕೇಳಿದ್ದಾರೆ. ಕಿವಿಗೆ ತಡೆಯಿಲ್ಲದಿದ್ದ ಕಡೆ ಎಲೆಗೆ ತಡೆಯಿತ್ತು. ಹಳ್ಳಿಗಳಲ್ಲಿ ಓದುವವರು ಮತ್ತು ಅರ್ಥ ಹೇಳುವವರು ಹಲವು ಜಾತಿಗಳಿಂದ ಬಂದವರಾಗಿದ್ದರೂ ಉಣ್ಣುವ ಸಾಲಿನಲ್ಲಿ ಆ ಉದಾರತೆ ಕಾಣಲಿಲ್ಲ. ಕಾವ್ಯದಲ್ಲಿ ಗಾಣಿಗನ ಅನ್ನ ತಿಂದು ಬದುಕಿದ ರಾಜನ ಕಥೆ ಕೇಳಿ ಎದ್ದವರು ತಮ್ಮ ಪಕ್ಕದಲ್ಲಿ ಯಾರು ಕೂತಿದ್ದಾರೆಂದು ನೋಡಿಕೊಂಡರೆ, ಕೇಳಿದ್ದು ಫಲಿಸಲಿಲ್ಲವೆಂದೇ ಅರ್ಥ. ಇಂದು ಓದಿಸುವವರು ಮೊದಲು ಸರಿಪಡಿಸಬೇಕಾದದ್ದು ಇದನ್ನು.

ಎರಡನೆಯ ಹಾನಿ ಯಂತ್ರದಿಂದ ಬಂದಿದೆ. ಧ್ವನಿಮುದ್ರಿಸಿದ ಓದನ್ನು ಮೈಕಿನಲ್ಲಿ ಹಾಕಿ ಬಿಡುವುದು ಸುಲಭವಾದ ಮೇಲೆ ಓದು ಉಳಿದರೂ ಅರ್ಥ ಹೇಳುವವರು ಇಲ್ಲವಾಗುತ್ತಿದ್ದಾರೆ, ಪೆಟ್ಟಿಗೆಯನ್ನು ಯಾರೂ ಪ್ರಶ್ನೆ ಕೇಳಲಾರರು. ಗಮಕ ಕಲೆಯ ಮಟ್ಟಿಗೆ ನಾಡಿನಲ್ಲಿ ಒಳ್ಳೆಯ ಕೆಲಸ ನಡೆದಿದೆ: ಕನ್ನಡ ಸಾಹಿತ್ಯ ಪರಿಷತ್ತು ಗಮಕ ತರಗತಿಗಳನ್ನು ನಡೆಸಿದೆ, ಶಿವಮೊಗ್ಗದ ಬಳಿ ತುಂಗಾ ತೀರದ ಹೊಸಹಳ್ಳಿ ಗಮಕಿಗಳ ಊರೆಂದೇ ಹೆಸರಾಗಿದೆ, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಸಂದಿದೆ. ಹೊಸಹಳ್ಳಿಯ ಎದುರು ದಡದ ಮತ್ತೂರಿನ ಕೃಷ್ಣಮೂರ್ತಿಯವರು ಭಾರತೀಯ ವಿದ್ಯಾಭವನದ ಮೂಲಕ ಕುಮಾರವ್ಯಾಸನ ವ್ಯಾಖ್ಯಾನವನ್ನು ನಗರದ ಕೇಳುಗರಿಗೆ ಮುಟ್ಟಿಸಿದರು. ಆದರೆ ವೇದಿಕೆಯ ಗಮಕ ಕಚೇರಿಯ ಶಿಸ್ತಿಗೆ ಒಗ್ಗಿದಂತೆ ಕೇಳುವವರು ಮತ್ತೆ ಮೌನಿಗಳಾಗುತ್ತಾರೆ. ಹಳ್ಳಿಯ ಕೂಟದ ಗದ್ದಲಕ್ಕೆ ಅಲ್ಲಿ ಜಾಗ ಸಾಲದು. ಆ ಗದ್ದಲದ ಹತ್ತಿರಕ್ಕೆ ಬರುವ ಇಂದಿನ ಏರ್ಪಾಟೆಂದರೆ ಹೆಗ್ಗೋಡಿನ ನೀನಾಸಮ್ ವರ್ಷಕ್ಕೊಮ್ಮೆ ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರ, ನಾಡಿನ ನಾನಾ ಕಡೆಯವರು ಕೃತಿಯೊಂದನ್ನು ಕುರಿತು ವಾದಿಸಿ ಒಂದೇ ಊಟದ ಮನೆಯಲ್ಲಿ ಆ ವಾದವನ್ನು ಮುಂದುವರಿಸುವ ಜಾಗ ಅದು.

ಈ ಸೀಮೆಯ ಶಾಲೆ, ಗ್ರಂಥಾಲಯ, ಯುವಕ ಸಂಘಗಳು ಓದುಗರ ಕೂಟ ಕಟ್ಟುವುದಾದರೆ ಹಳೆಯ ಮಾದರಿಯನ್ನೇ ಹಿಡಿದು ಗದ್ಯ ಕಾದಂಬರಿಯನ್ನು ಓದಿಸಬಹುದು. ಅದಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹೇಳಿಮಾಡಿಸಿದ ಕೃತಿ. ೧೯೮೦ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬರು, ಜೇನಿನ ಮರ್ಮ ಬಲ್ಲ ಮಂದಣ್ಣ, ಬಿರಿಯಾನಿ ಕರಿಯಪ್ಪ, ಒಂದು ನಾಯಿ ಮತ್ತು ಕಥೆ ಹೇಳುವ ರೈತ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ, ಕಂಡ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಇಷ್ಟಕ್ಕೆ ಇಷ್ಟು ಓದಬೇಕಿತ್ತೆ ಎಂದು ಒಬ್ಬರು ಕೇಳುವುದೂ, ಓತಿ ಸಿಕ್ಕಿದ್ದರೆ ಕಥೆ ಕೆಡುತ್ತಿತ್ತೆಂದು ಮತ್ತೊಬ್ಬರು ಹೇಳುವುದೂ ಖಂಡಿತ. ಅಧ್ಯಾಯಗಳು ಗಟ್ಟಿಯಾಗಿ ಓದಲು ತಕ್ಕಷ್ಟು ಚಿಕ್ಕವು, ಮಾತು ಆಡುಮಾತಿಗೆ ಹತ್ತಿರ, ಮಲೆನಾಡಿನ ಪದಗಳನ್ನು ಬಯಲುಸೀಮೆಯವರಿಗೆ ತಿಳಿಸಲು ಅರ್ಥ ಹೇಳುವವರೊಬ್ಬರು ಬೇಕೇ ಬೇಕು. ವಾರಕ್ಕೊಂದು ಸಂಜೆಯಂತೆ ಓದಿ, ಕೊನೆಯ ಸಂಜೆ ಮನೆಗಿಷ್ಟೆಂದು ರಾಗಿಹಿಟ್ಟು, ಕಾಳು, ಬೆಲ್ಲ ಕೂಡಿಸಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡರೆ, ನಗರಗೆರೆಯಂಥ ಹೋಬಳಿಯಲ್ಲಿ ಅದಕ್ಕೆ ತಗಲುವ ಖರ್ಚು ಒಂದು ಶನಿವಾರದ ಓದಿಗಿಂತ ಹೆಚ್ಚಾಗಲಾರದು.